ಪಿಲ್ ಡಬ್ಬಿ ತೆರೆಯುವ ಮೊದಲು: ಮೆಥನಾಲ್ ಡ್ರ್ಯಾಗ್ ಎಂಜಿನ್ ಕಳೆದುಕೊಂಡ ಶಕ್ತಿಯನ್ನು ಹುಡುಕುವ ಬಗೆ

ಹೋದ ಸಲ ಡ್ರ್ಯಾಗ್ ರೇಸಿನಲ್ಲಿ, ಅಂದರೆ ನೇರ ಟ್ರ್ಯಾಕಿನ ಕ್ವಾರ್ಟರ್ ಮೈಲಿನ ಓಟದ ಕೊನೆಯಲ್ಲಿ, ಗಂಟೆಗೆ 150 ಮೈಲು ಓಡಿದ ಕಾರು ಈ ಸಲ 146ಕ್ಕೆ ಬಂದು ನಿಂತಿದೆ. ಸದ್ದು ಸರಿಯಾಗೇ ಇದೆ. ಎಲ್ಲೂ ಸೋರುತ್ತಿಲ್ಲ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಪಿಲ್ ಡಬ್ಬಿಗೆ, ಅಂದರೆ ಎಂಜಿನ್ನಿಗೆ ಹೋಗುವ ಇಂಧನವನ್ನು ಹೆಚ್ಚುಕಡಿಮೆ ಮಾಡುವ ತೂತಿನ ಬಿಲ್ಲೆಗಳ ಡಬ್ಬಿಗೆ. ಒಂದು ಸೈಜು ದೊಡ್ಡದು ಹಾಕಿ ನೋಡೋಣ, ಆಗಲಿಲ್ಲ ಅಂದರೆ ಚಿಕ್ಕದು ಹಾಕೋಣ. ಹೀಗೇ ಎರಡು ದಿನ ಹೋಗುತ್ತದೆ. ಕೊನೆಗೆ ಮೊದಲಿನ ಟ್ಯೂನ್ ಯಾವುದಿತ್ತು ಅನ್ನುವುದೇ ಮರೆತುಹೋಗಿರುತ್ತದೆ.

ದಯವಿಟ್ಟು ಹಾಗೆ ಮಾಡಬೇಡಿ. ಹೋದ ಸಲ ಚೆನ್ನಾಗಿ ಓಡಿದ ಟ್ಯೂನ್ ತಾನಾಗಿಯೇ ಕೆಡುವುದಿಲ್ಲ. ಬೇರೆ ಏನೋ ಬದಲಾಗಿದೆ. ಅದನ್ನು ಹುಡುಕದೆ ಪಿಲ್ ಬದಲಾಯಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಿ

1940ರ ದಶಕದಲ್ಲಿ ಅಮೆರಿಕದ ಸ್ಟುವರ್ಟ್ ಹಿಲ್ಬಾರ್ನ್ ರೂಪಿಸಿದ ಮೆಕ್ಯಾನಿಕಲ್ ಇಂಜೆಕ್ಷನ್ ಮೂಲದಲ್ಲಿ ಇವತ್ತಿಗೂ ಹಾಗೇ ಇದೆ. ಕ್ಯಾಮ್‌ಶಾಫ್ಟಿನಿಂದ ತಿರುಗುವ ಪಂಪ್ ಎಂಜಿನ್ ವೇಗದ ಅರ್ಧದಷ್ಟು ವೇಗದಲ್ಲಿ ಓಡುತ್ತದೆ. ಆರ್‌ಪಿಎಂ ಏರಿದಷ್ಟೂ ಜಾಸ್ತಿ ಇಂಧನ ತಳ್ಳುತ್ತದೆ. ಅದರಲ್ಲಿ ಒಂದು ಪಾಲು ನಾಝಲ್‌ಗಳ ಮೂಲಕ ಎಂಜಿನ್ನಿಗೆ, ಉಳಿದದ್ದು ಪಿಲ್ ಎಂಬ ಚಿಕ್ಕ ತೂತಿನ ಮೂಲಕ ಟ್ಯಾಂಕಿಗೆ ವಾಪಸ್. ಪಿಲ್ ಇರುವುದು ವಾಪಸ್ ದಾರಿಯಲ್ಲಿ. ಹಾಗಾಗಿ ಪಿಲ್ ದೊಡ್ಡದಾದರೆ ಎಂಜಿನ್ ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ), ಚಿಕ್ಕದಾದರೆ ರಿಚ್ (ಇಂಧನ ಜಾಸ್ತಿ). ಹೊಸಬರು ಮೊದಲ ದಿನ ಎಡವುವುದೇ ಇಲ್ಲಿ. ಥ್ರಾಟಲ್ ಜೊತೆ ತಿರುಗುತ್ತಾ ಇಂಧನ ಹೊಂದಿಸುವ ಬ್ಯಾರೆಲ್ ವಾಲ್ವ್‌ನ ಕೆಲಸವೆಲ್ಲ ಐಡಲ್‌ನಲ್ಲಿ ಮತ್ತು ಅರ್ಧಂಬರ್ಧ ಥ್ರಾಟಲ್‌ನಲ್ಲಿ. ಹೈಸ್ಪೀಡ್ ಬೈಪಾಸ್ ಎಂಬ ಸ್ಪ್ರಿಂಗ್ ವಾಲ್ವ್ ಒಂದು ಒತ್ತಡ ದಾಟಿದ ಮೇಲೆ ತೆರೆದು, ಟಾರ್ಕ್ ಇಳಿಯುವ ಮೇಲಿನ ಆರ್‌ಪಿಎಂನಲ್ಲಿ ಹೆಚ್ಚುವರಿ ಇಂಧನವನ್ನು ವಾಪಸ್ ಕಳಿಸುತ್ತದೆ.

ಈ ವ್ಯವಸ್ಥೆಗೆ ಕಣ್ಣಿಲ್ಲ. ಗಾಳಿ ಎಷ್ಟು ಬಂತು, ಕಿಡಿ ಹೊತ್ತಿತೋ ಇಲ್ಲವೋ, ಬೆಲ್ಟ್ ಜಾರಿತೋ, ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಆ ಕಣ್ಣು ನೀವೇ ಆಗಬೇಕು.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು. ಮೆಥನಾಲ್ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪಕ್ಕದಲ್ಲಿ ಬಕೆಟ್ ನೀರು, ಆಲ್ಕೊಹಾಲ್ ಬೆಂಕಿಗೆ ಹೊಂದುವ ಅಗ್ನಿಶಾಮಕ ಇರಲಿ. ಬಾಯಿಂದ ಊದಿ ನಾಝಲ್ ಸ್ವಚ್ಛ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹಂತ 1: ಟೈಮ್ ಸ್ಲಿಪ್ ಓದಿ, ತಪ್ಪು ಎಂಜಿನ್ನಿನದೇನಾ ನೋಡಿ

ಓಟ ಮುಗಿದ ಮೇಲೆ ಸಮಯ, ವೇಗ ಬರೆದು ಕೊಡುವ ಚೀಟಿಯೇ ಟೈಮ್ ಸ್ಲಿಪ್. ಅದರಲ್ಲಿ ಮೊದಲ 60 ಅಡಿಯ ಸಮಯ ಕೆಟ್ಟು, ಕೊನೆಯ ವೇಗ ಮೊದಲಿನಷ್ಟೇ ಇದ್ದರೆ ಎಂಜಿನ್ನನ್ನು ಸುಮ್ನೆ ಬಿಟ್ಟುಬಿಡಿ. ಟೈರು, ಕ್ಲಚ್, ಕನ್ವರ್ಟರ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಬದಲು ಇರುವುದು), ಸ್ಟಾರ್ಟಿಂಗ್ ಲೈನಿನ ಹಿಡಿತ, ಅಥವಾ ಹೊರಡುವ ಕ್ಷಣದ ಬ್ಯಾರೆಲ್ ವಾಲ್ವ್, ಇವುಗಳಲ್ಲಿ ಒಂದಿರುತ್ತದೆ. 60 ಅಡಿ ಚೆನ್ನಾಗಿದ್ದು ಕೊನೆಯ ವೇಗ ಬಿದ್ದಿದ್ದರೆ ಶಕ್ತಿಯೇ ಕಡಿಮೆಯಾಗಿದೆ.

ಆಮೇಲೆ ಫಿನಿಶ್ ಲೈನಿನ ಆರ್‌ಪಿಎಂ ನೋಡಿ. ವೇಗ ಇಳಿದಿದೆ, ಆರ್‌ಪಿಎಂ ಮಾತ್ರ ಮೊದಲಿನಷ್ಟೇ ಇದೆ ಅಥವಾ ಏರಿದೆ ಅಂದರೆ ಎಲ್ಲೋ ಜಾರುತ್ತಿದೆ. ಒಂದು ಲೆಕ್ಕ ನೆನಪಿಡಿ: ಮೈಲು ವೇಗವನ್ನು ಗೇರ್ ಅನುಪಾತದಿಂದಲೂ 336ರಿಂದಲೂ ಗುಣಿಸಿ, ಇಂಚಿನಲ್ಲಿರುವ ಟೈರಿನ ವ್ಯಾಸದಿಂದ ಭಾಗಿಸಿ. 33 ಇಂಚಿನ ಟೈರು, 4.10 ಗೇರು, 150 ಮೈಲು ಅಂದರೆ ಜಾರದೇ ಇದ್ದಾಗ ಸುಮಾರು 6,260 ಆರ್‌ಪಿಎಂ. ನಿಮ್ಮ ಲಾಗ್ (ಕಾರಿನ ಸೆನ್ಸರ್‌ಗಳ ದಾಖಲೆ) 7,000 ತೋರಿಸಿದರೆ ಆ ವ್ಯತ್ಯಾಸ ಕನ್ವರ್ಟರ್ ಮತ್ತು ಟೈರಿನದು.

ಎಷ್ಟು ಶಕ್ತಿ ಹೋಯಿತು ಅನ್ನುವುದನ್ನೂ ಅಂದಾಜು ಮಾಡಬಹುದು. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ವೇಗ ಶೇ. 1 ಇಳಿದರೆ ಶಕ್ತಿ ಸುಮಾರು ಶೇ. 3 ಇಳಿದಿದೆ ಅಂತ ಅರ್ಥ. 150ರಿಂದ 146 ಅಂದರೆ ಶೇ. 8ರ ಹತ್ತಿರ. 630 ಕುದುರೆಶಕ್ತಿಯ ಎಂಜಿನ್ನಿನಲ್ಲಿ 50ರಷ್ಟು ಕಾಣೆಯಾಗಿದೆ.

ಹಂತ 2: ಗಾಳಿಯ ಲೆಕ್ಕ

ಈ 8ರಲ್ಲಿ ಎಷ್ಟನ್ನು ಹವಾಮಾನ ತಿಂದಿದೆ? ಹೋದ ಸಲ 20 ಡಿಗ್ರಿ ಸೆಲ್ಸಿಯಸ್, 1013 ಹೆಕ್ಟೋಪಾಸ್ಕಲ್ ಒತ್ತಡ ಇತ್ತು ಅಂದುಕೊಳ್ಳಿ. ಆಗ ಒಂದು ಘನ ಮೀಟರ್ ಗಾಳಿಯ ತೂಕ 1.20 ಕೆಜಿ. ಈ ಸಲ 35 ಡಿಗ್ರಿ, 1000 ಹೆಕ್ಟೋಪಾಸ್ಕಲ್ ಇದ್ದರೆ 1.13 ಕೆಜಿ. ಗಾಳಿಯೇ ಶೇ. 6 ತೆಳುವಾಗಿದೆ. ಅಷ್ಟಕ್ಕೇ 150 ಇದ್ದದ್ದು 147ಕ್ಕೆ ಬರುತ್ತದೆ! ಜೊತೆಗೆ ಪಂಪ್ ಮೊದಲಿನಷ್ಟೇ ಇಂಧನ ತಳ್ಳುತ್ತಿರುವುದರಿಂದ ಎಂಜಿನ್ ಶೇ. 6 ರಿಚ್ ಕೂಡ ಆಗಿದೆ. ನಿಮ್ಮ 4 ಮೈಲಿನಲ್ಲಿ 3 ಮೈಲಿಗೆ ಇಲ್ಲೇ ಉತ್ತರ ಸಿಕ್ಕಿತು, ಅಲ್ವಾ?

ಒತ್ತಡ ನೋಡುವಾಗ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಸಂಖ್ಯೆ ಬೇಡ. ಟ್ರ್ಯಾಕಿನ ಪಕ್ಕದಲ್ಲೇ ಅಳೆದ ನಿಜವಾದ ಒತ್ತಡ ಬೇಕು.

ಹಂತ 3: ಕೈಗೆ ಸಿಗುವುದನ್ನೆಲ್ಲ ಮೊದಲು ನೋಡಿ

ಒಬ್ಬರು ಸೀಟಿನಲ್ಲಿ ಕೂತು, ಬೆಲ್ಟ್ ಕಟ್ಟಿಕೊಂಡು, ಓಡಿಸುವಾಗ ಒತ್ತುವಂತೆಯೇ ಪೆಡಲ್ ಒತ್ತಲಿ. ಇನ್ನೊಬ್ಬರು ಥ್ರಾಟಲ್ ಬ್ಲೇಡ್ ನೋಡಲಿ. ಅದು ಪೂರ್ತಿ ನೆಟ್ಟಗೆ ನಿಲ್ಲಬೇಕು. ಕೇಬಲ್ ಸ್ವಲ್ಪ ಹಿಗ್ಗಿದರೂ, ಪೆಡಲ್ ಹಿಂದಿನ ಸ್ಟಾಪ್ ಬೋಲ್ಟ್ ಸಡಿಲಾಗಿದ್ದರೂ ಬ್ಲೇಡ್ ಪೂರ್ತಿ ತೆರೆಯುವುದಿಲ್ಲ. ಕೈಯಿಂದ ಲಿಂಕೇಜ್ ಎಳೆದು ನೋಡಿದರೆ ಇದು ಗೊತ್ತಾಗುವುದಿಲ್ಲ. ಕಾಲಿನಿಂದಲೇ ಒತ್ತಬೇಕು. ಅದೇ ಹೊತ್ತಿನಲ್ಲಿ ಬ್ಯಾರೆಲ್ ವಾಲ್ವ್ ಕೂಡ ಪೂರ್ತಿ ತಿರುಗುತ್ತಿದೆಯಾ, ಅದರ ಲಿಂಕಿನ ಲಾಕ್ ನಟ್ ಬಿಗಿಯಾಗಿದೆಯಾ ನೋಡಿ.

ಬ್ಲೋವರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್) ಇದ್ದರೆ ಬೆಲ್ಟಿನ ಹಲ್ಲು, ಬಿಗಿ ಮತ್ತು ಬೂಸ್ಟ್, ಅಂದರೆ ಆ ಗಾಳಿಯ ಒತ್ತಡ, ನೋಡಿ. ಬೂಸ್ಟ್ ಇಳಿದಿದ್ದರೆ ಬೆಲ್ಟ್ ಜಾರುತ್ತಿದೆ, ಅಥವಾ ರೋಟರ್ ಸ್ಟ್ರಿಪ್ ಸವೆದಿದೆ, ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿಟ್ಟಿದೆ. ಬೂಸ್ಟ್ ಏರಿ ವೇಗ ಇಳಿದಿದ್ದರೆ ಖುಷಿಪಡುವ ವಿಷಯ ಅಲ್ಲ. ಬ್ಲೋವರ್ ತಳ್ಳಿದ ಗಾಳಿಯನ್ನು ಎಂಜಿನ್ ಒಳಗೆ ತೆಗೆದುಕೊಳ್ಳುತ್ತಿಲ್ಲ ಅಂತ ಅರ್ಥ. ನೇರ ವಾಲ್ವ್‌ಗಳ ಕಡೆ ಹೋಗಿ.

ಹಂತ 4: ಎಂಜಿನ್ ಒಳಗಿನ ಆರೋಗ್ಯ

ವಾಲ್ವ್ ಕವರ್ ತೆಗೆದು ಪ್ರತಿ ವಾಲ್ವಿನ ಲ್ಯಾಶ್ (ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು) ಅಳೆಯಿರಿ, ಬರೆದುಕೊಳ್ಳಿ. ಸರಿಪಡಿಸುವ ಮೊದಲು ಬರೆದುಕೊಳ್ಳುವುದು ಮುಖ್ಯ. 0.020 ಇಂಚಿಗೆ ಇಟ್ಟದ್ದು 0.012 ಆಗಿದ್ದರೆ ವಾಲ್ವ್ ಹಿಗ್ಗುತ್ತಿದೆ ಅಥವಾ ಸೀಟಿನೊಳಗೆ ಇಳಿಯುತ್ತಿದೆ. 0.035 ಆಗಿದ್ದರೆ ಲಿಫ್ಟರ್, ರಾಕರ್, ಪುಶ್‌ರಾಡ್ ಅಥವಾ ಕ್ಯಾಮ್ ಸವೆದಿದೆ. ಸ್ಪ್ರಿಂಗ್ ಬಲವನ್ನೂ ಹೆಡ್ ಮೇಲೇ ಅಳೆಯುವ ಸಾಧನದಿಂದ ನೋಡಿ. ಸ್ಪ್ರಿಂಗ್ ಸೋತಿದ್ದರೆ ಎಂಜಿನ್ ಕೆಳಗೆ ಚೆನ್ನಾಗಿ ಎಳೆದು, ಮೇಲಿನ ಒಂದು ಆರ್‌ಪಿಎಂನಲ್ಲಿ ಗೋಡೆಗೆ ಹೊಡೆದಂತೆ ನಿಲ್ಲುತ್ತದೆ. ಎಷ್ಟೋ ಜನ ಇದನ್ನು ಇಂಧನದ ತೊಂದರೆ ಅಂದುಕೊಂಡು ಹೈಸ್ಪೀಡ್ ಬೈಪಾಸ್ ತಿರುವುತ್ತಾ ಕೂರುತ್ತಾರೆ.

ಆಮೇಲೆ ಲೀಕ್ ಡೌನ್ ಪರೀಕ್ಷೆ. ಒಂದೊಂದು ಸಿಲಿಂಡರಿಗೂ 100 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ನೋಡಿ. ಸಂಖ್ಯೆಗಿಂತ ಕಿವಿ ಜಾಸ್ತಿ ಹೇಳುತ್ತದೆ. ಇಂಜೆಕ್ಟರ್ ಬಾಯಲ್ಲಿ ಸುಯ್ ಅಂದರೆ ಇನ್‌ಟೇಕ್ ವಾಲ್ವ್. ಹೆಡರ್‌ನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್. ಬ್ರೀದರ್‌ನಲ್ಲಿ ಕೇಳಿಸಿದರೆ ರಿಂಗ್. ನೀರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಏಳು ಸಿಲಿಂಡರ್ ಶೇ. 6ರ ಹತ್ತಿರ ಇದ್ದು ಒಂದು ಮಾತ್ರ ಶೇ. 20 ತೋರಿಸಿದರೆ ಅಲ್ಲಿಗೆ ಹುಡುಕಾಟ ಮುಗಿಯಿತು.

ಎಣ್ಣೆಯನ್ನೂ ನೋಡಿ. ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ಮೆಥನಾಲ್ ಮತ್ತು ನೀರು ಸೇರಿದೆ. ಐಡಲ್ ರಿಚ್ ಇಟ್ಟು ತುಂಬಾ ಹೊತ್ತು ಓಡಿಸಿದರೆ ಮೆಥನಾಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ರಿಂಗು ಸವೆಯುವುದು ಹೀಗೇ.

ಹಂತ 5: ಕಿಡಿ

ಮೆಥನಾಲ್ ಎಂಜಿನ್ನಿನಲ್ಲಿ ಸೋತ ಕಿಡಿ ರಿಚ್ ಎಂಜಿನ್ನಿನ ವೇಷ ಹಾಕಿಕೊಂಡು ಬರುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಇಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಇಂಧನ ಒಳಗೆ ಹೋಗುತ್ತದೆ. ಮೆಥನಾಲ್ ಸರಿಯಾಗಿ ಸುಡಲು 1 ಪಾಲಿಗೆ ಸುಮಾರು 6.4 ಪಾಲು ಗಾಳಿ ಸಾಕು, ಪೆಟ್ರೋಲಿಗೆ 14.7 ಬೇಕು. ರೇಸಿನಲ್ಲಿ ಇನ್ನೂ ರಿಚ್ ಆಗಿ, 5ರ ಆಸುಪಾಸಿನಲ್ಲಿ ಓಡಿಸುತ್ತಾರೆ. ಅಷ್ಟು ಒದ್ದೆಯ ನಡುವೆ ಕಿಡಿ ಹಾರಬೇಕು. ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೊ ಸ್ವಲ್ಪ ಸೋತರೂ ಪ್ಲಗ್ ಒದ್ದೆಯಾಗಿ ಹೊರಬರುತ್ತದೆ, ಎಕ್ಸಾಸ್ಟ್‌ನಲ್ಲಿ ಕಣ್ಣು ಉರಿಸುವ ಆವಿ ಬರುತ್ತದೆ. ನೋಡಿದವರು ರಿಚ್ ಅನ್ನುತ್ತಾರೆ, ಲೀನ್ ಮಾಡುತ್ತಾರೆ. ಸ್ವಲ್ಪ ಚೇತರಿಸಿಕೊಂಡಂತೆಯೂ ಕಾಣುತ್ತದೆ. ಮುಂದೊಂದು ದಿನ ಮ್ಯಾಗ್ನೆಟೊ ಸರಿ ಮಾಡಿಸಿ ಅದೇ ಪಿಲ್‌ನಲ್ಲಿ ಓಡಿಸಿದಾಗ ಪಿಸ್ಟನ್ ಕರಗುತ್ತದೆ.

ಟೈಮಿಂಗ್ ಲೈಟ್ ಹಿಡಿದು ನೋಡಿ. ಕ್ಲ್ಯಾಂಪ್ ಜರುಗಿ ಮೂರು ಡಿಗ್ರಿ ಹಿಂದಾಗಿದ್ದರೂ ಶಕ್ತಿ ಇಳಿಯುತ್ತದೆ. ಪ್ಲಗ್ ವೈರ್‌ಗಳನ್ನು ಮೀಟರಿನಲ್ಲಿ ಅಳೆಯಿರಿ, ಹೆಡರ್‌ಗೆ ತಾಗಿ ಸುಟ್ಟಿವೆಯಾ ನೋಡಿ. ಪ್ಲಗ್ ಗ್ಯಾಪ್ ಅಳೆಯಿರಿ. ಮ್ಯಾಗ್ನೆಟೊವನ್ನು ವರ್ಷಕ್ಕೊಮ್ಮೆಯಾದರೂ ಟೆಸ್ಟ್ ಯಂತ್ರದ ಮೇಲೆ ಓಡಿಸಿ ನೋಡುವುದು ಒಳ್ಳೆಯದು, ಯಾಕಂದರೆ ಅದು ಒಂದೇ ದಿನದಲ್ಲಿ ಸಾಯುವುದಿಲ್ಲ, ಸ್ವಲ್ಪಸ್ವಲ್ಪವೇ ಸೋಲುತ್ತದೆ.

ಹಂತ 6: ಇಂಧನದ ದಾರಿ, ಟ್ಯಾಂಕಿನಿಂದ ನಾಝಲ್ ತನಕ

ಇಲ್ಲಿ ಆತುರ ಬೇಡ. ಇಂಧನ ಹರಿಯುವ ದಿಕ್ಕಿನಲ್ಲೇ ನಡೆದು ಬನ್ನಿ.

ಮೊದಲು ಇಂಧನವೇ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಅರ್ಧ ಖಾಲಿಯಾದ, ಮುಚ್ಚಳ ಸಡಿಲಾದ ಡ್ರಮ್ಮಿನದನ್ನು ನಂಬಬೇಡಿ. ಹೈಡ್ರೋಮೀಟರ್ ಇಟ್ಟು ನೋಡಿದರೆ 20 ಡಿಗ್ರಿಯಲ್ಲಿ ಶುದ್ಧ ಮೆಥನಾಲ್ 0.792 ತೋರಿಸುತ್ತದೆ. ನೀರು ಸೇರಿದಷ್ಟೂ ಸಂಖ್ಯೆ ಏರುತ್ತದೆ.

ಆಮೇಲೆ ಟ್ಯಾಂಕಿನ ಗಾಳಿದಾರಿ. ವೆಂಟ್ ಹೋಸ್ ಎಲ್ಲೋ ಮಡಚಿಕೊಂಡಿದ್ದರೆ ಪಂಪ್ ಟ್ಯಾಂಕಿನೊಳಗೆ ನಿರ್ವಾತ ಎಳೆಯುತ್ತದೆ. ವಾಪಸ್ ಬರುವ ಇಂಧನ ಪಂಪಿಗೆ ಹೋಗುವ ಬಾಯಿಯ ಹತ್ತಿರವೇ ಬೀಳುತ್ತಿದ್ದರೆ ನೊರೆ ಎದ್ದು ಪಂಪ್ ಗಾಳಿ ನುಂಗುತ್ತದೆ.

ಫಿಲ್ಟರ್ ಬಿಚ್ಚಿ. ಮೆಥನಾಲ್ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತಾ ಬೆಳ್ಳನೆಯ ಅಂಟು ಪದಾರ್ಥ ಮಾಡುತ್ತದೆ. ಒದ್ದೆ ಇದ್ದಾಗ ಗಂಜಿಯ ಕೆನೆಯಂತೆ ಬೆರಳಿಗೆ ಜಾರುತ್ತದೆ, ಒಣಗಿದರೆ ಸುಣ್ಣದ ಪುಡಿ. ಫಿಲ್ಟರಿನಲ್ಲಿ ಇದು ಕಂಡರೆ ಬ್ಯಾರೆಲ್ ವಾಲ್ವಿನಲ್ಲೂ ನಾಝಲ್‌ಗಳಲ್ಲೂ ಇದೆ ಅಂದುಕೊಳ್ಳಿ.

ಪಂಪಿಗೆ ಬರುವ ಸಕ್ಷನ್ ಹೋಸ್ ಬಗ್ಗೆ ನನಗೇ ಆದದ್ದನ್ನು ಹೇಳಬೇಕು. ಅರ್ಧ ಟ್ರ್ಯಾಕ್ ತನಕ ಗಟ್ಟಿಯಾಗಿ ಎಳೆಯುತ್ತಿದ್ದ ಎಂಜಿನ್ ಆಮೇಲೆ ಮಂಕಾಗುತ್ತಿತ್ತು. ಎರಡು ವಾರಾಂತ್ಯ ಪಿಲ್ ಬದಲಾಯಿಸಿದೆವು, ಬೈಪಾಸ್ ಸ್ಪ್ರಿಂಗ್ ಬದಲಾಯಿಸಿದೆವು. ಕೊನೆಗೆ ಇಂಧನ ಒತ್ತಡದ ಲಾಗ್ ತೆರೆದು ನೋಡಿದರೆ 6,500 ಆರ್‌ಪಿಎಂ ತನಕ ಗೆರೆ ಚೆನ್ನಾಗಿ ಏರಿ, ಅಲ್ಲಿಂದ ಮುಂದೆ ಚಪ್ಪಟೆಯಾಗಿ ನಡುಗುತ್ತಿತ್ತು. ಹೋಸ್ ಹೊರಗಿನಿಂದ ಹೊಸದರಂತಿತ್ತು. ಊದಿದರೆ ಗಾಳಿ ಸಲೀಸಾಗಿ ಹೋಗುತ್ತಿತ್ತು. ಉದ್ದಕ್ಕೆ ಸೀಳಿದಾಗ ಒಳಗಿನ ರಬ್ಬರ್ ಪದರ ಅರ್ಧ ಬೆರಳುದ್ದ ಎದ್ದು ನಾಲಿಗೆಯಂತೆ ಜೋತಾಡುತ್ತಿತ್ತು. ನಿಧಾನ ಹರಿವಿಗೆ ಆ ನಾಲಿಗೆ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಪಂಪ್ ಜೋರಾಗಿ ಎಳೆದಾಗ ಎದ್ದು ದಾರಿ ಮುಚ್ಚುತ್ತಿತ್ತು. ಅವತ್ತಿನಿಂದ ಮೆಥನಾಲಿಗೆ ಹೊಂದುವ ಒಳಪದರದ ಹೋಸ್ ಬಿಟ್ಟು ಬೇರೆ ಹಾಕಿಲ್ಲ, ವಯಸ್ಸಾದ ಹೋಸನ್ನು ಚೆನ್ನಾಗಿ ಕಂಡರೂ ಬಿಸಾಡುತ್ತೇನೆ.

ಸಕ್ಷನ್ ಕಡೆಯ ಫಿಟ್ಟಿಂಗ್ ಸಡಿಲಾದರೆ ಇಂಧನ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಸಿಗುವುದಿಲ್ಲ. ಎರಡೂ ತುದಿ ಮುಚ್ಚಿ ಕೈ ಪಂಪಿನಿಂದ ನಿರ್ವಾತ ಎಳೆದು, ಮುಳ್ಳು ನಿಲ್ಲುತ್ತದಾ ನೋಡಿ.

ಈಗ ಒತ್ತಡದ ಲಾಗ್. ಅದೇ ಆರ್‌ಪಿಎಂನಲ್ಲಿ ಮೊದಲಿನ ಒತ್ತಡಕ್ಕೆ ಹೋಲಿಸಿ. ಒತ್ತಡ ಇಳಿದಿದ್ದರೆ ಪಂಪ್ ಸವೆದಿದೆ, ಅಥವಾ ಅದಕ್ಕೆ ಇಂಧನ ಸಾಲುತ್ತಿಲ್ಲ, ಅಥವಾ ಯಾವುದೋ ಬೈಪಾಸ್ ತೆರೆದೇ ಉಳಿದಿದೆ. ಇವೆಲ್ಲ ಲೀನ್ ಕಡೆ. ಗೆರೆ ನಡುಗುತ್ತಿದ್ದರೆ ಗಾಳಿ. ಒತ್ತಡ ಏರಿದ್ದರೆ ವಾಪಸ್ ದಾರಿ ಕಟ್ಟಿದೆ, ಎಂಜಿನ್ ರಿಚ್ ಆಗಿದೆ. ಇಲ್ಲವೇ ನಾಝಲ್ ಕಟ್ಟಿದೆ.

ಕಟ್ಟಿದ ನಾಝಲ್ ಏನು ಮಾಡುತ್ತದೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. 0.040 ಇಂಚಿನ ಎಂಟು ನಾಝಲ್, 0.090 ಇಂಚಿನ ಪಿಲ್ ಇವೆ ಅನ್ನಿ. ವ್ಯಾಸದ ವರ್ಗ ಕೂಡಿದರೆ ನಾಝಲ್‌ಗಳದ್ದು 0.0128, ಪಿಲ್‌ನದ್ದು 0.0081, ಒಟ್ಟು 0.0209. ಒಂದು ನಾಝಲ್ ಅರ್ಧ ಕಟ್ಟಿದರೆ ಒಟ್ಟು 0.0201. ಪಂಪ್ ತಳ್ಳುವುದು ಅಷ್ಟೇ ಇಂಧನ, ದಾರಿ ಕಿರಿದಾಯಿತು, ಹಾಗಾಗಿ ಒತ್ತಡ ಸುಮಾರು ಶೇ. 8 ಏರುತ್ತದೆ. ಉಳಿದ ಏಳು ಸಿಲಿಂಡರಿಗೆ ಶೇ. 4 ಜಾಸ್ತಿ ಇಂಧನ. ಆ ಒಂದಕ್ಕೆ ಸಿಗುವುದು ಅರ್ಧಕ್ಕಿಂತ ಚೂರು ಜಾಸ್ತಿ. ಏಳು ಪ್ಲಗ್ ರಿಚ್ ಅನ್ನುತ್ತವೆ. ಏಳರ ಮಾತು ಕೇಳಿ ಪಿಲ್ ದೊಡ್ಡದು ಮಾಡಿದರೆ ಎಂಟನೆಯದು ಸುಡುತ್ತದೆ. ಎಂಟೂ ಪ್ಲಗ್ ಸಾಲಾಗಿ ಇಟ್ಟು ನೋಡದೆ ಪಿಲ್ ಮುಟ್ಟಬಾರದು ಅನ್ನುವುದು ಇದಕ್ಕೇ.

ನಾಝಲ್ ಬಿಚ್ಚುವಾಗ ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಹಾಕಿ. ಕೆಲವು ಎಂಜಿನ್‌ಗಳಲ್ಲಿ ಮೂಲೆಯ ಸಿಲಿಂಡರಿಗೆ ಬೇಕಂತಲೇ ಬೇರೆ ಸೈಜು ಹಾಕಿರುತ್ತಾರೆ. ತಂತಿ ಚುಚ್ಚಬೇಡಿ, ತೂತು ಗೀರಿದರೆ ಹರಿವು ಬದಲಾಗುತ್ತದೆ. ಸಾಲ್ವೆಂಟ್‌ನಲ್ಲಿ ನೆನೆಸಿ ಕಂಪ್ರೆಸರ್ ಗಾಳಿ ಹಾಯಿಸಿದರೆ ಸಾಕು. ಆಮೇಲೆ ಬೆಂಚ್ ಮೇಲೆ ಒಂದೇ ಒತ್ತಡದಲ್ಲಿ, ಮೆಥನಾಲ್ ಬದಲು ಪರೀಕ್ಷೆಯ ದ್ರವ ಬಳಸಿ, ಒಂದೇ ಸೈಜಿನವನ್ನು ಅಳತೆ ಬಾಟಲಿಗೆ 30 ಸೆಕೆಂಡ್ ಹರಿಸಿ ಹೋಲಿಸಿ. ಶೇ. 2ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬದಲಾಯಿಸಿ.

ಬೈಪಾಸ್‌ಗಳನ್ನು ಬಿಚ್ಚಿ ಪಾಪೆಟ್ (ತೆರೆದು ಮುಚ್ಚುವ ಭಾಗ), ಸ್ಪ್ರಿಂಗ್, ಸೀಟು ನೋಡಿ. ರೆಗ್ಯುಲೇಟರ್ ಮೂಲಕ ಗಾಳಿ ನಿಧಾನವಾಗಿ ಏರಿಸುತ್ತಾ ಎಷ್ಟಕ್ಕೆ ತೆರೆಯುತ್ತದೆ ಗುರುತು ಮಾಡಿ. ಹೈಸ್ಪೀಡ್ ಬೈಪಾಸ್ ಸಿಕ್ಕಿಕೊಂಡು ಮುಚ್ಚೇ ಉಳಿದರೆ ಕೊನೆಯ ಭಾಗದಲ್ಲಿ ಎಂಜಿನ್ ರಿಚ್ ಆಗಿ ಮಂಕಾಗುತ್ತದೆ. ಕಸ ಸಿಕ್ಕಿ ತೆರೆದೇ ಉಳಿದರೆ ಕೆಳಗಿನಿಂದಲೇ ಲೀನ್. ಬ್ಯಾರೆಲ್ ವಾಲ್ವನ್ನು ಐಡಲ್ ಸ್ಥಾನದಲ್ಲಿಟ್ಟು ಲೀಕ್ ಡೌನ್ ಮಾಡಿ, ಹಳೆಯ ಸಂಖ್ಯೆಗೆ ಹೋಲಿಸಿ. ಪಂಪಿನ ಮೇಲೆ ಸಂದೇಹ ಉಳಿದರೆ ಪಂಪ್, ಬ್ಯಾರೆಲ್ ವಾಲ್ವ್, ನಾಝಲ್, ಪಿಲ್ ಎಲ್ಲವನ್ನೂ ಒಟ್ಟಿಗೆ ಫ್ಲೋ ಬೆಂಚಿಗೆ ಕಳಿಸಿ. ಪಂಪ್ ಒಂದನ್ನೇ ಕಳಿಸಿದರೆ ಅರ್ಧ ಉತ್ತರ ಬರುತ್ತದೆ.

ಹಂತ 7: ಪ್ಲಗ್ ಓದುವುದು

ಓಟದ ಕೊನೆಯಲ್ಲಿ ಎಂಜಿನ್ ಆಫ್ ಮಾಡಿಯೇ ಉರುಳಿಕೊಂಡು ಬನ್ನಿ. ಐಡಲ್‌ನಲ್ಲಿ ಓಡಿಸಿಕೊಂಡು ಬಂದರೆ ಪ್ಲಗ್ ಐಡಲ್ ಕಥೆ ಹೇಳುತ್ತದೆ. ಮೆಥನಾಲ್ ಪ್ಲಗ್ಗಿನ ಪಿಂಗಾಣಿಗೆ ಬಣ್ಣ ಕೊಡುವುದಿಲ್ಲ. ನೋಡಬೇಕಾದದ್ದು ನೆಲಪಟ್ಟಿಯ (ಪ್ಲಗ್ ತುದಿಯ ಬಾಗಿದ ಗ್ರೌಂಡ್ ಪಟ್ಟಿ) ಮೇಲಿನ ಶಾಖದ ಗುರುತು ಮತ್ತು ಬುಡದ ಉಂಗುರದ ಬಣ್ಣ. ಎಂಟೂ ಒಂದೇ ತರಹ ಇರಬೇಕು. ಪಿಂಗಾಣಿ ಮೇಲೆ ಬೆಳ್ಳಿಯ ಚುಕ್ಕಿಯಂತೆ ಅಲ್ಯೂಮಿನಿಯಂ ಕಂಡರೆ ಪಿಸ್ಟನ್ ಮೇಲ್ಮೈ ಕರಗಲು ಶುರುವಾಗಿದೆ. ಇನ್ನೊಂದು ಓಟ ಬೇಡ. ಮೆಥನಾಲ್ ಎಂಜಿನ್ ಬಡಿತವನ್ನು (ನಾಕಿಂಗ್) ಚೆನ್ನಾಗಿ ತಡೆಯುತ್ತದೆ, ಆದರೆ ಕೆಂಪಗೆ ಕಾದ ಭಾಗ ಒಂದಿದ್ದರೆ ಕಿಡಿಗೂ ಮೊದಲೇ ಹೊತ್ತಿಕೊಳ್ಳುತ್ತದೆ.

ಎಕ್ಸಾಸ್ಟ್ ತಾಪದ ಸೆನ್ಸರ್‌ಗಳಿದ್ದರೂ ಇದೇ ಮಾತು. ಸಂಖ್ಯೆ ಎಷ್ಟು ಅನ್ನುವುದು ಸೆನ್ಸರ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಒಂದಕ್ಕೊಂದು ಹೋಲಿಸಿ, ಬೇರೆಯಾಗಿ ನಿಂತದ್ದನ್ನು ಹಿಡಿಯಿರಿ.

ಹಂತ 8: ಈಗ ಪಿಲ್

ಇಷ್ಟೆಲ್ಲ ಸರಿ ಇದೆ, ಉಳಿದದ್ದು ಗಾಳಿಯ ಶೇ. 6 ಮಾತ್ರ ಅಂತ ಖಾತ್ರಿಯಾದ ಮೇಲೆ ಡಬ್ಬಿ ತೆರೆಯಿರಿ. ಮೇಲಿನದೇ ಉದಾಹರಣೆಯಲ್ಲಿ ಎಂಜಿನ್ನಿಗೆ ಹೋಗುವ ಪಾಲು 0.0128 ಭಾಗಿಸು 0.0209, ಅಂದರೆ ಶೇ. 61.2. ಪಿಲ್ 0.095 ಮಾಡಿದರೆ ಅದು ಶೇ. 58.6ಕ್ಕೆ ಇಳಿಯುತ್ತದೆ, ಅಂದರೆ ಇಂಧನ ಮೊದಲಿಗಿಂತ ಸುಮಾರು ಶೇ. 4 ಕಡಿಮೆ. ಒತ್ತಡ ಶೇ. 8ರಷ್ಟು ಇಳಿಯಬೇಕು. ಲಾಗ್‌ನಲ್ಲಿ ಅಷ್ಟು ಇಳಿಯದಿದ್ದರೆ ಎಲ್ಲೋ ಇನ್ನೂ ತೊಂದರೆ ಉಳಿದಿದೆ. ಬ್ಲೋವರ್ ಎಂಜಿನ್ನಿನಲ್ಲಿ ಬೂಸ್ಟ್ ನಾಝಲ್ ಮೇಲೆ ಎದುರು ಒತ್ತುವುದರಿಂದ ಈ ಲೆಕ್ಕ ಹಾಗೇ ಕೂರುವುದಿಲ್ಲ.

ಶೇ. 6 ಬೇಕಿದ್ದರೂ ಒಂದೇ ಸಲಕ್ಕೆ ಹೋಗಬೇಡಿ. 4 ಇಳಿಸಿ, ಓಡಿಸಿ, ಪ್ಲಗ್ ನೋಡಿ, ಮುಂದೆ ಹೋಗಿ. ಸ್ವಲ್ಪ ರಿಚ್ ಇದ್ದರೆ ಕೆಲವು ಕುದುರೆಶಕ್ತಿ ಹೋಗುತ್ತದೆ, ಲೀನ್ ಆದರೆ ಎಂಜಿನ್ನೇ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪಿಲ್, ಟೈಮಿಂಗ್ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಅಂತ ಹೇಳುವವರು ಯಾರು?

ದಿನದ ಕೊನೆಗೆ

ಪುಸ್ತಕದಲ್ಲಿ ತಾಪ, ಒತ್ತಡ, ತೇವ, ಪಿಲ್, ಟೈಮಿಂಗ್, ಲ್ಯಾಶ್, ಲೀಕ್ ಡೌನ್, ಒಂದು ಗೊತ್ತಾದ ಆರ್‌ಪಿಎಂನಲ್ಲಿ ಇಂಧನ ಒತ್ತಡ, ಇಷ್ಟನ್ನೂ ಬರೆಯಿರಿ. ಕಾರು ಚೆನ್ನಾಗಿ ಓಡಿದ ದಿನ ತಪ್ಪದೆ ಬರೆಯಿರಿ, ಹೋಲಿಸಲು ಬೇಕಾಗುವುದು ಆ ಸಂಖ್ಯೆಗಳೇ.

ಆಮೇಲೆ ಟ್ಯಾಂಕ್ ಖಾಲಿ ಮಾಡಿ, ಪಂಪಿನಿಂದ ನಾಝಲ್ ತನಕ ಮೆಥನಾಲ್ ಪೂರ್ತಿ ಹೊರಹಾಕಿ, ಎಣ್ಣೆಯಂಶ ಇರುವ ತೊಳೆಯುವ ದ್ರವ ಹಾಯಿಸಿ. ಬ್ಯಾರೆಲ್ ವಾಲ್ವ್ ಕೈಯಿಂದ ತಿರುಗಿಸಿ ನೋಡಿ. ಬೆರಳಿಗೆ ಮರಳಿನಂತೆ ಗರಗರ ಅನ್ನಿಸಿದರೆ ಅವತ್ತೇ ಬಿಚ್ಚಿ. ಇಂಜೆಕ್ಟರ್ ಬಾಯಿಗಳನ್ನು ಮುಚ್ಚಿಡಿ. ಎಣ್ಣೆ ಬೆಳ್ಳಗಾಗಿದ್ದರೆ ಎಂಜಿನ್ ಬೆಚ್ಚಗಿರುವಾಗಲೇ ಸುರಿದುಬಿಡಿ, ಬೇರಿಂಗ್‌ಗಳು ಆ ನೀರಿನಲ್ಲಿ ವಾರಗಟ್ಟಲೆ ಕೂರಬಾರದು.